ಒಂಟಿ ಸೀನು

ಎಲ್ಲಕ್ಕೂ ಮೂಲ ಒಂದು ಮೆಣಸಿನಕಾಯಿ ಬೀಜ.

ಭಾನುವಾರ ಬೆಳಗ್ಗೆ ಎಂಟೂವರೆ. ಪ್ರಮಿಳಾಬಾಯಿ ವರ್ಷದ ಮಸಾಲೆಗೆಂದು ತಂದ ಬ್ಯಾಡಗಿ ಮೆಣಸಿನಕಾಯಿಯನ್ನು ಬಾಣಲೆಯಲ್ಲಿ ಹುರಿಯುತ್ತಿದ್ದರು. ಅವರ ಗಂಡ ಅಂಕುಶರಾವ್ ಘಾಡಿ ಎರಡಡಿ ಆಚೆ ಕನ್ನಡಿ ಮುಂದೆ ನಿಂತು ಗಡ್ಡ ಹೆರೆದುಕೊಳ್ಳುತ್ತಿದ್ದರು. ಬಾಣಲೆಯಿಂದ ಬೀಜವೊಂದು ಚಟ್ ಎಂದು ಸಿಡಿದು ನೇರವಾಗಿ ಅವರ ಮೂಗಿನ ಬುಡದಲ್ಲಿ, ಸೋಪಿನ ನೊರೆಯ ಮೇಲೆ ಬಂದು ಕೂತಿತು. ಅಂಕುಶರಾವ್ ಕಣ್ಣು ಮುಚ್ಚಿದರು. ತಲೆ ಹಿಂದಕ್ಕೆ ವಾಲಿತು. ಒಂದು ಉಸಿರು ಎಳೆದರು. ಎರಡನೆಯದು ಎಳೆದರು.

"ಅಂಕುಶರಾವ್, ಬೇಡ!" ಗೋಡೆಯ ಆಚೆಯಿಂದ ಪಕ್ಕದ ಮನೆಯ ದಿಗಂಬರ ಪೆಡಣೇಕರ್ ಕಿರುಚಿದರು. "ನಿಮ್ಮ ಕಾಲಿಗೆ ಬೀಳ್ತೀನಿ, ಇವತ್ತೊಂದು ದಿನ ಬೇಡ!"

ಅಂಕುಶರಾವ್ ಎರಡು ಬೆರಳಲ್ಲಿ ಮೂಗು ಹಿಂಡಿ ಹಿಡಿದರು. ಕಣ್ಣಲ್ಲಿ ನೀರು ಬಂತು. ಸೀನು ಬಂದ ದಾರಿಯಲ್ಲೇ ವಾಪಸು ಹೋಯಿತು.

ಗೋಡೆಯಾಚೆ ಇದ್ದವರಿಗೆ ಈಚಿನವರ ಸೀನು ಹೇಗೆ ಮುಂಚಿತವಾಗಿ ತಿಳಿಯಿತು ಎಂದು ಕೇಳುವವರು ಪರೇಲಿನ ಭಿಕೋಬಾ ಚಾಳೆಂಬ ವಠಾರದಲ್ಲಿ ಒಂದು ರಾತ್ರಿಯೂ ಕಳೆದವರಲ್ಲ. ಅಲ್ಲಿ ಮನೆಗೂ ಮನೆಗೂ ನಡುವೆ ಇರುವುದು ಹಲಗೆಯ ಗೋಡೆ. ಕುಕ್ಕರಿನ ಸೀಟಿ ಎಣಿಸಿ ಯಾರ ಮನೆಯಲ್ಲಿ ಬೇಳೆ, ಯಾರ ಮನೆಯಲ್ಲಿ ಕಡಲೆ ಎಂದು ಹೇಳಿಬಿಡುತ್ತಾರೆ. ಗಂಡ ಹೆಂಡತಿ ಮಾತು ಬಿಟ್ಟರೆ ಅದೂ ನಾಲ್ಕು ಮನೆಗೆ ಕೇಳಿಸುತ್ತದೆ. ಅಂಕುಶರಾವ್ ಸೀನುವ ಮುಂಚೆ ಮೂರು ಸಲ ಉಸಿರೆಳೆಯುವುದು ಇಡೀ ಮೂರನೇ ಮಹಡಿಗೆ ಬಾಯಿಪಾಠ. ಮೂರನೆಯ ಎಳೆತ ಕಿವಿಗೆ ಬಿದ್ದೊಡನೆ ಬಾಣಂತಿಯರು ಕೂಸಿನ ಕಿವಿ ಮುಚ್ಚುತ್ತಿದ್ದರು. ಸೀನು ಹೊರಬಿದ್ದಾಗ ಮಾಡಿನ ಪಾರಿವಾಳಗಳೆಲ್ಲ ಎದ್ದು ಒಂದು ಸುತ್ತು ಹಾರಿ ಬರುತ್ತಿದ್ದವು.

ಸದ್ದಿನದೇ ತೊಂದರೆಯಾಗಿದ್ದರೆ ಚಾಳು ಸಹಿಸಿಕೊಳ್ಳುತ್ತಿತ್ತು. ಆದರೆ ಅಂಕುಶರಾವ್ ಐವತ್ತನಾಲ್ಕು ವರ್ಷದ ಆಯುಷ್ಯದಲ್ಲಿ ಒಮ್ಮೆಯಾದರೂ ಜೋಡಿ ಸೀನು ಸೀನಿದವರಲ್ಲ. ಯಾವಾಗಲೂ ಒಂದೇ ಒಂದು. ಒಂಟಿ ಸೀನು ಬಿದ್ದ ಮೇಲೆ ಹೊಸಿಲು ದಾಟುವ ಧೈರ್ಯ ಯಾರಿಗಿದೆ? ಚಾಳಿನ ಸೆಕ್ರೆಟರಿ ಮುಣಗೇಕರ್ ಒಮ್ಮೆ ಆ ಸೀನನ್ನು ಲೆಕ್ಕಿಸದೆ ಕೋರ್ಟಿಗೆ ಹೋಗಿ ಅಣ್ಣನ ಮೇಲಿನ ಮೊಕದ್ದಮೆ ಸೋತು ಬಂದಿದ್ದರು. ಅಂದಿನಿಂದ ಪರೀಕ್ಷೆಗೆ, ಸಂದರ್ಶನಕ್ಕೆ, ಆಸ್ಪತ್ರೆಗೆ ಹೊರಡುವವರೆಲ್ಲ ಮೊದಲು ಅಂಕುಶರಾವ್ ಅವರ ಬಾಗಿಲಲ್ಲಿ ನಿಂತು, "ಕಾಕಾ, ಹೊರಡ್ತಾ ಇದೀನಿ. ಮೂಗು ಸರಿ ಇದೆ ತಾನೆ?" ಎಂದು ಕೇಳಿಯೇ ಮೆಟ್ಟಿಲಿಳಿಯುತ್ತಿದ್ದರು.

ಆ ಭಾನುವಾರ ಪೆಡಣೇಕರರ ಮಗಳು ಕೇತಕಿಯನ್ನು ನೋಡಲು ವಿರಾರ್‌ನಿಂದ ಗಂಡಿನ ಕಡೆಯವರು ಬರುವವರಿದ್ದರು. ಹತ್ತು ಗಂಟೆಗೆ ಅವಲಕ್ಕಿ, ಚಹಾ, ಮಾತುಕತೆ. ಈ ಸಂಬಂಧ ಕುದುರಬೇಕೆಂದು ಹುಡುಗಿಯ ತಂದೆಗಿಂತ ಹೆಚ್ಚು ಹಂಬಲಿಸುತ್ತಿದ್ದವರು ಅಂಕುಶರಾವ್.

ಕಾರಣ ತಾಶಾ. ಬೋಗುಣಿಯಂಥ ಆ ವಾದ್ಯವನ್ನು ಕೊರಳಿಗೆ ತೂಗುಹಾಕಿ, ಎರಡು ಸಪೂರ ಕಡ್ಡಿಗಳಲ್ಲಿ ಬಾರಿಸುತ್ತಾರೆ. ಗಣಪತಿ ಮೆರವಣಿಗೆಯಲ್ಲಿ ಕೇತಕಿ ತಾಶಾ ಹಿಡಿದು ಮುಂದೆ ಬಂದರೆ ಬೀದಿಗೆ ಬೀದಿಯೇ ಕಾಲು ಕುಣಿಸುತ್ತಿತ್ತು. ಹತ್ತು ದಿನದ ಆ ಹಬ್ಬಕ್ಕೆ ಅವಳು ಉಳಿದ ಮುನ್ನೂರೈವತ್ತೈದು ದಿನ ಮನೆಯಲ್ಲಿ ಅಭ್ಯಾಸ ಮಾಡುತ್ತಿದ್ದಳು. ಸಂಜೆ ಆರರಿಂದ ಒಂಬತ್ತು, ಭಾನುವಾರವಾದರೆ ಇಡೀ ದಿನ. ತಗಡಿನ ಮೇಲೆ ಜಲ್ಲಿ ಸುರಿದಂಥ ಆ ಸದ್ದು ಅಂಕುಶರಾವ್ ತಲೆಯಿಟ್ಟು ಮಲಗುವ ಹಲಗೆಗೇ ತಾಗಿ ಹೊರಡುತ್ತಿತ್ತು.

ಅಂಕುಶರಾವ್ ದಾದರ್ ಸ್ಟೇಷನ್ ಹೊರಗೆ ಒಂದು ಗೂಡಿನಲ್ಲಿ ಕೂತು ಕೈಗಡಿಯಾರ ರಿಪೇರಿ ಮಾಡುತ್ತಿದ್ದರು. ಗಡಿಯಾರವನ್ನು ಕಿವಿಗೆ ಹಿಡಿದು ಅದರ ರೋಗ ಹೇಳುವ ಮನುಷ್ಯ. ಅವರ ಮನೆಯ ಗೋಡೆಯ ಮೇಲೆ ಅಪ್ಪನ ಕಾಲದ ಲೋಲಕದ ಗಡಿಯಾರವೊಂದಿತ್ತು. ತಾಶಾ ನಿಂತ ಮೇಲೂ ಕಿವಿಯಲ್ಲಿ ಅದೇ ಗುಂಯ್‌ಗುಡುತ್ತಿದ್ದುದರಿಂದ ಅದರ ಟಿಕ್ ಟಿಕ್ ಕೇಳಿ ಐದು ವರ್ಷವಾಗಿತ್ತು. ಲೋಲಕ ಅಲ್ಲಾಡುತ್ತಿದೆಯೇ ಎಂದು ಕಣ್ಣಲ್ಲಿ ನೋಡಿ ಅದು ನಡೆಯುತ್ತಿದೆ ಎಂದು ನಂಬಬೇಕಾದ ಕರ್ಮ ಬಂದಿತ್ತು. ಬಾಯಿಬಿಟ್ಟು ಹೇಳೋಣವೆಂದರೆ ಕೇತಕಿ ಬಂಗಾರದಂಥ ಹುಡುಗಿ. ಕಾಕಾ, ಕಾಕಾ ಎನ್ನುತ್ತ ದಿನಾ ಸಂಜೆ ಚಹಾ ತಂದುಕೊಟ್ಟು, ಲೋಟ ಖಾಲಿಯಾದ ಮೇಲೆ ಹೋಗಿ ತಾಶಾ ಎತ್ತಿಕೊಳ್ಳುತ್ತಿದ್ದಳು.

ಹೀಗಿರುವಾಗ ಗೂಡಿಗೆ ಗಡಿಯಾರ ತಂದ ಗಿರಾಕಿಯೊಬ್ಬರು ತಮ್ಮ ಅಣ್ಣನ ಮಗ ಮಂದಾರನಿಗೆ ಹೆಣ್ಣು ಹುಡುಕುತ್ತಿರುವುದಾಗಿ ಹೇಳಿದರು. ಹುಡುಗ ಲಿಫ್ಟ್ ಮೆಕ್ಯಾನಿಕ್. ಅಂಕುಶರಾವ್ ಜಾತಕ ಕೇಳಲಿಲ್ಲ, ಸಂಬಳ ಕೇಳಲಿಲ್ಲ. "ಮನೆ ಎಲ್ಲಿ?" ಎಂದು ಮಾತ್ರ ಕೇಳಿದರು. ವಿರಾರ್ ಎಂದಾಗ ಅವರ ಕಣ್ಣು ಮಿನುಗಿತು. ಲೋಕಲ್ ಟ್ರೈನಿನಲ್ಲಿ ಒಂದೂಕಾಲು ಗಂಟೆ. ಅಲ್ಲಿ ತಾಶಾ ಅಲ್ಲ, ಫಿರಂಗಿ ಹಾರಿಸಿದರೂ ಪರೇಲಿಗೆ ಕೇಳಿಸುವುದಿಲ್ಲ.

ತಾಶಾದ ಸುದ್ದಿ ತಿಳಿದು ಹಿಂದೆ ಎರಡು ಸಂಬಂಧ ಮುರಿದುಬಿದ್ದಿದ್ದವು. ಅದಕ್ಕೇ ಈ ಸಲ ತಾಶಾವನ್ನು ಅಂಕುಶರಾವ್ ಅವರ ಮಂಚದ ಕೆಳಗೆ ಅಡಗಿಸಿಡಲಾಗಿತ್ತು. ಸೀನಿಗೂ ಒಂದು ವ್ಯವಸ್ಥೆಯಾಗಿತ್ತು. ಒಂಬತ್ತೂವರೆಗೆ ಅಂಕುಶರಾವ್ ಮನೆ ಬಿಡುವುದು, ಮುಣಗೇಕರ್ ಸಿಳ್ಳೆ ಹಾಕುವತನಕ ಚಾಳಿನ ಕಡೆ ತಲೆ ಹಾಕದಿರುವುದು.

ಆದರೆ ಒಂಬತ್ತು ಗಂಟೆಗೇ ಕೆಳಗಿನಿಂದ ಮುಣಗೇಕರರ ಧ್ವನಿ ಕೇಳಿತು. "ಬಂದ್ರು! ಬಂದೇಬಿಟ್ರು!"

"ಭಾನುವಾರದ ಲೋಕಲ್ ನಂಬೋ ಹಾಗಿಲ್ಲ ನೋಡಿ," ಎನ್ನುತ್ತ ಗಂಡಿನ ಕಡೆಯ ಆರು ಜನ ಒಂದು ಗಂಟೆ ಮುಂಚಿತವಾಗಿ ಮೆಟ್ಟಿಲು ಹತ್ತುತ್ತಿದ್ದರು. ಪ್ರಮಿಳಾಬಾಯಿ ಹುರಿದ ಮೆಣಸಿನಕಾಯಿಯ ಮೊರವನ್ನು ಗಡಿಬಿಡಿಯಲ್ಲಿ ಮಂಚದ ಕೆಳಗೆ, ತಾಶಾದ ಮೇಲೆಯೇ ತಳ್ಳಿ ಪೆಡಣೇಕರರ ಅಡಿಗೆಮನೆಗೆ ಓಡಿದರು. ಅಂಕುಶರಾವ್ ಅರ್ಧ ಗಡ್ಡದ ನೊರೆ ಒರೆಸಿಕೊಂಡು, ಅಂಗಿ ತೊಟ್ಟು, ಬಾಗಿಲಿಗೆ ಬಂದರು. ಬಾಗಿಲಲ್ಲಿ ಒಂದು ಊರುಗೋಲು ಅಡ್ಡ ಬಂತು.

ಊರುಗೋಲಿನ ಹಿಂದೆ ಹುಡುಗನ ಅಜ್ಜಿ ಭಾಗೀರಥಿ ಆಜಿ ಇದ್ದರು. ಕಾಸಿನಗಲ ಕುಂಕುಮ, ಬಾಗದ ಮೊಣಕಾಲು.

"ಅಂಕುಶರಾವ್," ಎಂದರು ಪೆಡಣೇಕರ್ ಹಿಂದಿನಿಂದ, ಅಳುವ ಮುಖದಲ್ಲಿ. "ಆಜಿಗೆ ನೆಲದ ಮೇಲೆ ಕೂರೋಕೆ ಆಗಲ್ವಂತೆ. ಇಡೀ ಮಹಡೀಲಿ ಕೈಯಿರೋ ಕುರ್ಚಿ ನಿಮ್ಮನೇಲಿ ಮಾತ್ರ ಇರೋದು. ನಮ್ಮನೇಲಿ ಅದನ್ನಿಡೋಕೂ ಜಾಗ ಇಲ್ಲ, ಆಜಿ ಇಲ್ಲೇ ಕೂತ್ಕೊಳ್ಳಲಿ. ನೀವು ಎಲ್ಲೋ ಹೊರಟಿದ್ರಲ್ಲ, ಹೊರಡಿ, ಹೊರಡಿ."

"ಎಲ್ಲಿಗೆ ಹೊರಡೋದು?" ಎಂದರು ಆಜಿ ಕುರ್ಚಿಯಲ್ಲಿ ಕೂರುತ್ತ. "ಮನೆಗೆ ಹಿರಿಯಳು ಬಂದಾಗ ಯಜಮಾನ ಎದ್ದು ಹೋಗ್ತಾನಾ? ಯಾವೂರಿನ ರೀತಿ ಇದು? ಕೂತ್ಕೋ ಬಾಳಾ, ಕೂತ್ಕೋ ಮಗನೇ. ನೀನೇ ಅಲ್ವಾ ಈ ಸಂಬಂಧ ಹೇಳಿದ ಗಡಿಯಾರದವನು?"

ಅಂಕುಶರಾವ್ ಕೂತರು. ಮುಣಗೇಕರ್ ಮೆಲ್ಲಗೆ ಒಳಬಂದು, ಹಗ್ಗದ ಮೇಲಿದ್ದ ಬಟ್ಟೆ ಕ್ಲಿಪ್ಪೊಂದನ್ನು ಕಿತ್ತು ಅವರ ಮೂಗಿಗೆ ಸಿಕ್ಕಿಸಿ, ಕಿವಿಯಲ್ಲಿ ಉಸುರಿದರು. "ಇದನ್ನ ತೆಗೆದ್ರೆ ನನ್ನಾಣೆ."

"ಮೂಗಿಗೆ ಏನದು?" ಎಂದರು ಆಜಿ.

"ಡಾಕ್ಟ್ರು ಹೇಳಿದ್ದಾರೆ," ಎಂದರು ಮುಣಗೇಕರ್. "ಉಸಿರಿನ ವ್ಯಾಯಾಮ."

ಮಾತುಕತೆ ಶುರುವಾಯಿತು. ಹುಡುಗ, ಚಿಕ್ಕಪ್ಪ, ಉಳಿದವರೆಲ್ಲ ಗೋಡೆಯ ಆ ಕಡೆ. ತೀರ್ಮಾನ ಹೇಳುವ ಆಜಿ ಈ ಕಡೆ. ಯಾರಿಗೂ ಅದು ತೊಡಕೆನಿಸಲಿಲ್ಲ. ಆಜಿ ಕುರ್ಚಿಯಲ್ಲೇ ಒರಗಿ ಹಲಗೆಗೆ ಊರುಗೋಲಿನಿಂದ ಕುಟ್ಟಿ ಪ್ರಶ್ನೆ ಕೇಳುತ್ತಿದ್ದರು, ಹಲಗೆ ಉತ್ತರ ಕೊಡುತ್ತಿತ್ತು.

"ಪೆಡಣೇಕರ್, ಹುಡುಗಿ ಎಷ್ಟು ಓದಿದ್ದಾಳೆ?"

"ಬಿ.ಕಾಂ., ಆಜಿ," ಎಂದಿತು ಗೋಡೆ.

"ಕೋಕಂ ಹಾಕಿ ಸೋಲಕಡಿ ಮಾಡೋಕೆ ಬರುತ್ತಾ?"

"ಬರುತ್ತೆ ಆಜಿ." ಇದು ಕೇತಕಿಯ ಧ್ವನಿ.

"ಹವ್ಯಾಸ?"

"ಹೆಣಿಗೆ," ಎಂದರು ಪೆಡಣೇಕರ್. "ಕಡ್ಡಿ ಹಿಡಿದ್ರೆ ಊಟ ತಿಂಡಿ ನೆನಪಿರಲ್ಲ."

ಅಂಕುಶರಾವ್ ಕ್ಲಿಪ್ಪಿನ ಹಿಂದೆ ಬಾಯಲ್ಲಿ ಉಸಿರಾಡುತ್ತ ಬೆವರುತ್ತಿದ್ದರು. ಮಂಚದ ಕೆಳಗಿನಿಂದ ಮೆಣಸಿನಕಾಯಿಯ ಘಾಟು ಸಣ್ಣಗೆ ಮೇಲೇಳುತ್ತಿತ್ತು. ಇಪ್ಪತ್ತು ನಿಮಿಷ ಕಳೆದರೆ ಸಾಕು, ವೈಶಾಖದಲ್ಲಿ ಮದುವೆ, ಆಮೇಲೆ ಬದುಕಿಡೀ ಟಿಕ್ ಟಿಕ್. ಅವರು ಕುಲದೇವರನ್ನು ನೆನೆದರು.

"ನಮ್ಮ ಪಕ್ಕದ ಮನೆ ಡಾಬ್ರೆನೂ ನಿನ್ನ ಹಾಗೇ," ಎಂದರು ಆಜಿ, ಅವರನ್ನು ಮೆಚ್ಚುಗೆಯಿಂದ ನೋಡುತ್ತ. "ತುಂಬ ಒಳ್ಳೆ ಮನುಷ್ಯ. ನಮ್ಮ ಮಂದಾರನ ಮದುವೆ ಆಗ್ಲಿ ಅಂತ ಒಂದು ವರ್ಷದಿಂದ ಇಗರ್ಜೀಲಿ ಮೇಣದಬತ್ತಿ ಹಚ್ತಿದ್ದಾನೆ. ಇಂಥ ನೆರೆಹೊರೆ ಪುಣ್ಯ ಮಾಡಿದವ್ರಿಗೇ ಸಿಗೋದು. ಅಂದ ಹಾಗೆ ಇದನ್ನೊಮ್ಮೆ ನೋಡು ಬಾಳಾ."

ಆಜಿ ಸೆರಗಿನ ಗಂಟು ಬಿಚ್ಚಿ ಹಳೆಯ ಕೈಗಡಿಯಾರವೊಂದನ್ನು ತೆಗೆದರು. ತೀರಿಹೋದ ಯಜಮಾನರದು. ಎರಡು ವರ್ಷದಿಂದ ನಿಂತಿತ್ತು. ಅಂಕುಶರಾವ್ ಅಭ್ಯಾಸಬಲದಿಂದ ಹಿಂದಿನ ಮುಚ್ಚಳ ಬಿಚ್ಚಿ, ಭೂತಗನ್ನಡಿ ಕಣ್ಣಿಗೇರಿಸಿ ಬಗ್ಗಿದರು. ಒಳಗೆ ಧೂಳು. ಊದಿದರು. ಧೂಳು ಎದ್ದಿತು. ಕ್ಲಿಪ್ಪಿನ ಅಂಚಿನಿಂದ ಎರಡು ಕಣ ಒಳಗೆ ನುಸುಳಿದವು. ಅಂಕುಶರಾವ್ ಒಂದು ಉಸಿರೆಳೆದರು. ಗೋಡೆಯಾಚೆ ತಟ್ಟೆಯ ಸದ್ದು ನಿಂತಿತು. ಎರಡನೆಯದು ಎಳೆದರು. ಕೆಳಗಿನ ಮಹಡಿಯಲ್ಲಿ ಯಾರೋ ಕಿಟಕಿ ಮುಚ್ಚಿದರು. ಬಾಗಿಲಲ್ಲಿ ನಿಂತಿದ್ದ ಮುಣಗೇಕರ್ ಧಾವಿಸಿ ಬಂದು ಅವರ ಮೇಲ್ದುಟಿಯನ್ನು ಹೆಬ್ಬೆರಳಲ್ಲಿ ಒತ್ತಿ ಹಿಡಿದರು. ಒಂದು ನಿಮಿಷ ಇಬ್ಬರೂ ಹಾಗೇ ಇದ್ದರು. ಸೀನು ಹಿಂದೆ ಸರಿಯಿತು.

"ಇದೂ ವ್ಯಾಯಾಮ," ಎಂದರು ಮುಣಗೇಕರ್ ಏದುಸಿರು ಬಿಡುತ್ತ.

ಆಜಿ ತಲೆಯಾಡಿಸಿ ಗೋಡೆ ಕುಟ್ಟಿದರು. "ಮಂದಾರ, ಹುಡುಗಿ ಒಪ್ಪಿಗೇನಾ?"

"ಹೂಂ ಆಜಿ," ಎಂದಿತು ಹುಡುಗನ ನಾಚಿದ ಧ್ವನಿ.

"ಮಗಳೇ, ನಿನಗೆ?"

"ಹೂಂ."

ಅಂಕುಶರಾವ್ ಅವರ ಎದೆ ಉಬ್ಬಿತು. ಸಂತೋಷಕ್ಕೆ ಕಣ್ಣು ತುಂಬಿ, ಅಳು ಬಂದು, ಅಳುವಾಗ ಎಲ್ಲರಿಗೂ ಆಗುವಂತೆ ಅವರ ಮೂಗೂ ಸಡಿಲವಾಯಿತು. ಕ್ಲಿಪ್ಪು ಜಾರಿ ನೆಲಕ್ಕೆ ಬಿತ್ತು.

"ಹಾಗಾದ್ರೆ ಗಟ್ಟಿ ಆಯ್ತು," ಎಂದರು ಆಜಿ ಎರಡೂ ಕೈ ಎತ್ತಿ. "ಬರೋ ತಿಂಗಳು ಹುಡುಗಿ ನಮ್ಮನೆಗೆ ಬರ್ತಾಳೆ."

"ಆಆಆಕ್ಷೀ!"

ಪಾರಿವಾಳಗಳು ಎದ್ದವು. ಭೂತಗನ್ನಡಿ ಎದುರುಗೋಡೆಗೆ ಹಾರಿತು. ಆಮೇಲೆ ಭಿಕೋಬಾ ಚಾಳಿನ ಮೂರೂ ಮಹಡಿಯಲ್ಲಿ ಮೌನ. ನಲ್ಲಿ ನಿಂತಿತು, ಮಿಕ್ಸರ್ ನಿಂತಿತು, ಅಂಗಳದಲ್ಲಿ ಕ್ರಿಕೆಟ್ಟಿನ ಚೆಂಡೂ ನಿಂತಿತು. ಆ ಮೌನದಲ್ಲಿ ಅಂಕುಶರಾವ್ ಅವರಿಗೆ ಐದು ವರ್ಷದ ಮೇಲೆ ಮೊದಲ ಸಲ ಅಪ್ಪನ ಗಡಿಯಾರದ ಟಿಕ್ ಟಿಕ್ ಸ್ಪಷ್ಟವಾಗಿ ಕೇಳಿಸಿತು. ಸುಖಪಡುವ ಸ್ಥಿತಿಯಲ್ಲಿ ಅವರಿರಲಿಲ್ಲ.

"ಒಂಟಿ," ಎಂದರು ಆಜಿ. ಮುಖದ ಮೇಲಿನ ನಗೆ ಹೋಗಿತ್ತು. "ಹುಡುಗಿ ನಮ್ಮನೆಗೆ ಬರ್ತಾಳೆ ಅಂದ ಕೂಡ್ಲೇ ಒಂಟಿ ಸೀನು. ಪೆಡಣೇಕರ್, ಕ್ಷಮಿಸಿ. ನನ್ನ ಬಾಯಿಂದ ಇನ್ನು ಹೂಂ ಬರಲ್ಲ."

ಗೋಡೆಯಾಚೆ ಪೆಡಣೇಕರರ ಹೆಂಡತಿ ಬಿಕ್ಕಿದ್ದು ಕೇಳಿಸಿತು.

"ಆಜಿ, ತಡೀರಿ!" ಮುಣಗೇಕರ್ ಮಧ್ಯೆ ಹಾರಿದರು. "ಅದು ಮುಗಿದಿಲ್ಲ. ಇವ್ರದು ಯಾವಾಗ್ಲೂ ಜೋಡಿ ಸೀನು. ಎರಡನೇದು ಸ್ವಲ್ಪ ತಡವಾಗಿ ಬರುತ್ತೆ, ಅಷ್ಟೇ. ಹೌದೋ ಅಲ್ವೋ ಅಂಕುಶರಾವ್?"

ಅಂಕುಶರಾವ್ ಹೌದೆಂದು ತಲೆಯಾಡಿಸಿದರು.

ಆಜಿ ಮುಂದಿದ್ದ ಕಪ್ಪು ನೋಡಿದರು. "ಸರಿ. ಈ ಚಹಾ ಮುಗಿಯೋ ತನಕ ಕಾಯ್ತೀನಿ. ಅಷ್ಟರಲ್ಲಿ ಎರಡನೇದು ಬಂದ್ರೆ ಜೋಡಿ ಅಂತ ಲೆಕ್ಕ."

ಅಲ್ಲಿಂದ ಮುಂದೆ ನಡೆದದ್ದನ್ನು ನೆನೆದರೆ ಅಂಕುಶರಾವ್ ಇವತ್ತಿಗೂ ಬೆವರುತ್ತಾರೆ. ಬೆಳಗ್ಗಿನಿಂದ ಸೀನಬೇಡಿ ಎಂದು ಕಾಲಿಗೆ ಬಿದ್ದ ಚಾಳು ಈಗ ಸೀನಿ ಎಂದು ಮೈಮೇಲೆ ಬಿತ್ತು. ಮುಣಗೇಕರ್ ಅವರನ್ನು ಎಳೆದೊಯ್ದು ಮನೆಮುಂದಿನ ಗ್ಯಾಲರಿಯಲ್ಲಿ ಸೂರ್ಯನ ಕಡೆ ಮುಖ ಮಾಡಿ ನಿಲ್ಲಿಸಿದರು. ಬರಲಿಲ್ಲ. ಪೆಡಣೇಕರ್ ದೇವರ ಮುಂದಿನ ಬತ್ತಿ ತಂದು ಮೂಗಿನಲ್ಲಿ ತಿರುವಿದರು. ಬರಲಿಲ್ಲ. ಕೆಳಗಿನ ಮಹಡಿಯಿಂದ ನಶ್ಯ ಬಂತು. ಸೇದಿದರು, ಬರಲಿಲ್ಲ. ಎರಡು ಉಸಿರಿನತನಕ ಬರುತ್ತಿತ್ತು, ಮೂರನೆಯದಕ್ಕೆ ಮಾಯವಾಗುತ್ತಿತ್ತು.

"ಸುಮ್ನೆ ಅಲ್ಲ, ಮನಸಿಟ್ಟು ಸೀನಿ!" ಎಂದರು ಮುಣಗೇಕರ್ ಸಿಟ್ಟಿನಿಂದ. "ಬೇಡ ಅಂದಾಗ ಮೂವತ್ತು ವರ್ಷ ಸೀನಿದ್ರಿ. ನಮ್ಮಣ್ಣನ ಕೇಸ್ ದಿನ ಹೇಗೆ ಬಂತು?"

"ಅದೇನು ನನ್ನ ಕೈಲಿದೆಯೇನ್ರೀ?" ಅಂಕುಶರಾವ್ ಅಳುವಂತಾದರು.

ಆಜಿ ಕಪ್ಪು ಎತ್ತಿ ಅಲ್ಲಾಡಿಸಿದರು. ತಳದಲ್ಲಿ ಎರಡು ಗುಟುಕು ಉಳಿದಿತ್ತು.

"ಅಹೋ, ಮೆಣಸಿನಕಾಯಿ!" ಪ್ರಮಿಳಾಬಾಯಿ ಒಳಗೆ ಓಡಿ ಬಂದು, ಮಂಚದ ಕೆಳಗೆ ಕೈಹಾಕಿ, ಮೊರವನ್ನು ಜಗ್ಗಿ ಎಳೆದರು. ಮೊರ ಬಂತು. ಮೊರದ ಬೆನ್ನಿಗೆ ತಾಶಾವೂ ಉರುಳುತ್ತ ಬಂದು ಆಜಿಯ ಪಾದದ ಬಳಿ ನಿಂತಿತು.

ಆಜಿ ಊರುಗೋಲಿನ ತುದಿಯಿಂದ ಅದರ ಚರ್ಮಕ್ಕೆ ಒಂದು ತಟ್ಟಿದರು. ಟಣ್ ಎಂದಿತು.

"ಇದು ಯಾರದು?"

"ಅಂಕುಶರಾವ್ ಅವ್ರದು!" ಎಂದರು ಪೆಡಣೇಕರ್ ತಟ್ಟನೆ.

ಅಂಕುಶರಾವ್ ಪೆಡಣೇಕರರ ಮುಖ ನೋಡಿದರು, ಆಮೇಲೆ ಗೋಡೆಯ ಗಡಿಯಾರ ನೋಡಿದರು. "ಹೌದು ಆಜಿ," ಎಂದರು. "ನನ್ನದೇ. ಚಿಕ್ಕಂದಿನಿಂದ ಹುಚ್ಚು."

"ಎಲ್ಲಿ, ಬಾರಿಸು ನೋಡೋಣ."

ಬೇರೆ ದಾರಿಯಿರಲಿಲ್ಲ. ಮೊರವನ್ನು ಮಂಚದ ಮೇಲಿಟ್ಟು, ಐದು ವರ್ಷ ತಮ್ಮ ನಿದ್ದೆ ಕೆಡಿಸಿದ ಕಡ್ಡಿಗಳನ್ನು ಮೊದಲ ಸಲ ಕೈಯಲ್ಲಿ ಹಿಡಿದು, ಅಂಕುಶರಾವ್ ಬಾರಿಸಿದರು. ಪಾತ್ರೆಯ ಕಪಾಟು ಬಿದ್ದಂತಾಯಿತು. ಇನ್ನೊಮ್ಮೆ ಬಾರಿಸಿದರು. ಮೊದಲಿನದೇ ವಾಸಿಯಿತ್ತು.

"ಕಾಕಾ, ಎಡಗೈ!" ಗೋಡೆಯಾಚೆಯಿಂದ ಕೇತಕಿಯ ಧ್ವನಿ ತಡೆಯಲಾರದೆ ಹೊರಬಿತ್ತು. "ಎಡಗೈ ಹಗುರ ಬಿಡಿ! ಅಯ್ಯೋ, ಹಾಗಲ್ಲ!"

ಹೊಸ ಸೀರೆಯ ನೆರಿಗೆ ಎತ್ತಿ ಹಿಡಿದು ಅವಳೇ ಓಡಿ ಬಂದಳು. ಅಪ್ಪ ಸನ್ನೆ ಮಾಡಿದ್ದು ಅವಳಿಗೆ ಕಾಣಲಿಲ್ಲ. ಕಡ್ಡಿ ಕಸಿದುಕೊಂಡು ತಾಶಾ ಕೊರಳಿಗೆ ಹಾಕಿಕೊಂಡಳು. ಮೊದಲು ಹನಿ ಹನಿಯಾಗಿ ಬಿದ್ದ ಸದ್ದು ನೋಡುನೋಡುತ್ತ ಜಡಿಮಳೆಯಾಯಿತು. ಮೂರು ಮಹಡಿಯ ಗ್ಯಾಲರಿಯಲ್ಲೂ ಜನ ತಲೆದೂಗಿದರು. ಅಂಕುಶರಾವ್ ಕೂಡ, ಅವರಿಗೇ ತಿಳಿಯದಂತೆ, ಹೆಬ್ಬೆರಳು ಅಲ್ಲಾಡಿಸಿದರು. ಅಷ್ಟರಲ್ಲಿ ಹೊರಗಿನಿಂದ ಧೂಂ ಎಂದು ಇನ್ನೊಂದು ಸದ್ದು ಅದಕ್ಕೆ ಸರಿಯಾಗಿ ಬಂದು ಕೂಡಿಕೊಂಡಿತು. ಎಲ್ಲರೂ ತಿರುಗಿ ನೋಡಿದರು. ಗ್ಯಾಲರಿಯಲ್ಲಿ ನೀರು ತುಂಬಿಡುವ ನೀಲಿ ಪೀಪಾಯಿಯ ಮುಂದೆ ಮಂದಾರ ನಿಂತಿದ್ದ. ಇಸ್ತ್ರಿ ಮಾಡಿದ ಅಂಗಿಯ ತೋಳು ಮಡಚಿ, ಕಣ್ಣು ಅರೆಮುಚ್ಚಿ ಎರಡೂ ಕೈಯಲ್ಲಿ ಬಾರಿಸುತ್ತಿದ್ದ.

ಸದ್ದು ನಿಂತಾಗ ಬೆವರುತ್ತಿದ್ದ ಇಬ್ಬರೂ ಒಬ್ಬರನ್ನೊಬ್ಬರು ನೋಡಿ ನಕ್ಕರು. ಪೆಡಣೇಕರ್ ಸಾಯುವ ಮುಖ ಮಾಡಿದ್ದರು. ಹುಡುಗನ ಚಿಕ್ಕಪ್ಪನ ಮುಖ ಅದಕ್ಕಿಂತ ಕಡೆಯಾಗಿತ್ತು.

"ನಿಮ್ಮತ್ರ ಮುಚ್ಚಿಡೋದೇನು," ಎಂದರು ಚಿಕ್ಕಪ್ಪ ತಲೆ ತಗ್ಗಿಸಿ. "ನಮ್ಮ ಮಂದಾರ ಢೋಲ್ ಬಾರಿಸ್ತಾನೆ. ಇಷ್ಟು ದೊಡ್ಡದು. ನೀವು ಬೇಡ ಅಂದ್ರೆ ಅನ್ನೋ ಭಯಕ್ಕೆ ಹೇಳಿರ್ಲಿಲ್ಲ. ನಮ್ಮ ಬಿಲ್ಡಿಂಗ್‌ನವ್ರು, ಢೋಲ್ ಬಿಡಿ ಇಲ್ಲ ಮನೆ ಬಿಡಿ ಅಂತ ನೋಟಿಸ್ ಕೊಟ್ಟಿದ್ದಾರೆ."

ಆಜಿ ಚಹಾದ ಕೊನೆಯ ಗುಟುಕು ಕುಡಿದು ಕಪ್ಪು ಕೆಳಗಿಟ್ಟರು. ಸೆಣಬಿನ ಚೀಲದಿಂದ ಒಂದೊಂದೇ ಕಾಳು ಆರಿಸುವವರಂತೆ ನಿಧಾನವಾಗಿ ಮಾತು ತೆಗೆದರು.

"ನಾನೇ ತಪ್ಪು ತಿಳ್ಕೊಂಡೆ. ಹುಡುಗ ಒಪ್ಪಿದಾಗ ಸೀನು ಬೀಳ್ಲಿಲ್ಲ. ಹುಡುಗಿ ಒಪ್ಪಿದಾಗ್ಲೂ ಬೀಳ್ಲಿಲ್ಲ. ಯಾವಾಗ ಬಿತ್ತು? ಹುಡುಗಿ ನಮ್ಮನೆಗೆ ಬರ್ತಾಳೆ ಅಂದಾಗ. ದೇವ್ರು ಮದುವೆಗೆ ಅಡ್ಡ ಬಂದಿಲ್ಲ, ವಿರಾರ್‌ಗೆ ಅಡ್ಡ ಬಂದಿದ್ದಾನೆ. ಅಲ್ಲಿ ಒಂದು ಢೋಲಿಗೇ ಜಾಗ ಇಲ್ಲ, ಇನ್ನು ತಾಶಾ ಎಲ್ಲಿಡೋದು? ಇಲ್ಲಿ ನೋಡಿದ್ರೆ ಚಾಳಿಗೆ ಚಾಳೇ ತಲೆದೂಗ್ತಿದೆ. ಮಂದಾರನ ಕೆಲಸವೂ ದಾದರ್‌ನಲ್ಲೇ. ಪೆಡಣೇಕರ್, ನಿಮಗೆ ಗಂಡುಮಕ್ಕಳಿಲ್ಲ. ಹುಡುಗಿ ನಮ್ಮನೆಗೆ ಬರೋದು ಬೇಡ, ಹುಡುಗನೇ ನಿಮ್ಮನೇಲಿರ್ಲಿ."

ಅಂಕುಶರಾವ್ ಮಂಚದ ಮೇಲೆ, ಮೊರದ ಪಕ್ಕ ಧೊಪ್ಪನೆ ಕೂತರು. ಹೊಸಿಲಲ್ಲಿ ನಿಂತ ಪೆಡಣೇಕರ್ ಗೊಂದಲದಲ್ಲಿದ್ದರು. "ಮನೆ ಅಳಿಯ ಅಂದ್ರೆ... ಜನ ಏನಂತಾರೋ... ಯೋಚನೆ ಮಾಡ್ಬೇಕು ಆಜಿ. ನನಗ್ಯಾಕೋ ಮನಸ್ಸು ಒಪ್ತಿಲ್ಲ."

ಅಂಕುಶರಾವ್‌ಗೆ ಜೀವ ಬಂತು. ಒಂದು ಮಾತು ಹೇಳಿದರೆ ಸಾಕು, ಪೆಡಣೇಕರ್ ಆ ಕಡೆಗೇ ವಾಲುವಂತಿದ್ದರು. ಹುಡುಗಿಯನ್ನು ಕೊಡುವುದಾದರೆ ವಿರಾರ್‌ಗೆ ಕೊಡಿ, ಇಲ್ಲವೇ ಬೇಡ, ಮನೆ ಅಳಿಯನ ಸಹವಾಸ ಮಾತ್ರ ಬೇಡ ಎಂದು ಬುದ್ಧಿ ಹೇಳಲು ಅವರು ಮಂಚದಿಂದ ಎದ್ದರು. ಏಳುವಾಗ ಮೊಣಕೈ ಮೊರದ ಅಂಚಿಗೆ ಬಡಿದು, ಅದು ಎಗರಿ ಅರ್ಧ ಸೇರು ಮೆಣಸಿನಕಾಯಿ ಎದೆಯ ಮೇಲೆ ಸುರಿಯಿತು. ಅವರು ಬಾಯಿ ತೆರೆದರು.

"ಪೆಡಣೇಕರ್, ನನ್ನ ಮಾತು ಕೇಳಿ. ಇದು..."

ಒಂದು ಉಸಿರು. ಎರಡು. ಅಂಕುಶರಾವ್ ಎರಡೂ ಕೈಯಲ್ಲಿ ಮೂಗು ಹಿಡಿದರು. ಮುಣಗೇಕರ್ ಓಡಿ ಬಂದು ಆ ಕೈಗಳನ್ನು ಕಿತ್ತರು. "ಬರ್ಲಿ! ತಡೀಬೇಡಿ! ಬರ್ಲಿ!" ಮೂರು.

"ಆಕ್ಷೀ! ಆಆಆಕ್ಷೀ!"

ಪಾರಿವಾಳಗಳು ಎದ್ದು, ಕೂರಲು ಹೋಗಿ, ಮತ್ತೆ ಎದ್ದವು. ಚಾಳಿಗೆ ಚಾಳೇ ಒಂದೇ ಬಾಯಲ್ಲಿ ಕೂಗಿತು. "ಜೋಡಿ!"

ಐವತ್ತನಾಲ್ಕು ವರ್ಷದಲ್ಲಿ ಮೊದಲ ಸಲ. ಪೆಡಣೇಕರ್ ಕೈಮುಗಿದು, ಕಣ್ಣೀರು ಒರೆಸಿಕೊಂಡು, "ಇನ್ನೇನು ಯೋಚನೆ ಆಜಿ, ದೇವ್ರೇ ಹೂಂ ಅಂದ," ಎಂದರು. ಆಜಿ ಪೇಡೆಯ ಮೊದಲ ತುಂಡನ್ನು ಅಂಕುಶರಾವ್ ಅವರ ತೆರೆದ ಬಾಯಿಗೆ ಇಟ್ಟರು. ಕೇತಕಿಯೂ ಮಂದಾರನೂ ಅವರ ಕಾಲಿಗೆರಗಿದರು.

"ಕಾಕಾ, ಎಲ್ಲಾ ನಿಮ್ಮಿಂದಾನೇ," ಎಂದಳು ಕೇತಕಿ. ಅವಳ ಕಣ್ಣಲ್ಲಿದ್ದ ಸಂತೋಷ ಕಂಡು ಅಂಕುಶರಾವ್ ಅವರಿಗೆ ನಿಜಕ್ಕೂ ಸಂತೋಷವಾಯಿತು. ಸಂಕಟವೂ ಅಷ್ಟೇ ಆಯಿತು.

ಮಂದಾರ ಅಲ್ಲಿಂದಲೇ ವಿರಾರ್‌ಗೆ ಫೋನ್ ಮಾಡಿದ. ಮದುವೆಗೆ ಒಂದು ತಿಂಗಳಿದೆ, ಢೋಲನ್ನು ನಿಧಾನವಾಗಿ ತಂದರಾಯಿತು ಎಂದು ಹಿರಿಯರು ಹೇಳಿದರು. ಆದರೆ ಸುದ್ದಿ ತಿಳಿದ ಡಾಬ್ರೆ ನಿಧಾನಿಸುವ ಮನುಷ್ಯನಾಗಿರಲಿಲ್ಲ. ಅಂಕುಶರಾವ್ ಅವರ ಹಾಗೆಯೇ ಡಾಬ್ರೆಯ ಮನೆಯ ಮಂಚದ ಕೆಳಗೂ ಆ ದಿನ ಒಂದು ವಾದ್ಯ ಅಡಗಿ ಕೂತಿತ್ತು. ಮೂರು ಗಂಟೆಗೆಲ್ಲ ಚಾಳಿನ ಅಂಗಳಕ್ಕೆ ಒಂದು ಟೆಂಪೋ ಬಂತು. ಢೋಲು ಮೆಟ್ಟಿಲಲ್ಲಿ ಹಿಡಿಸಲಿಲ್ಲ. ಹಗ್ಗ ಕಟ್ಟಿ ಗ್ಯಾಲರಿಯಿಂದ ಎಳೆದುಕೊಂಡರು. ಪೆಡಣೇಕರರ ಮನೆಯಲ್ಲಿ ಅದಕ್ಕೆ ಜಾಗವಿರಲಿಲ್ಲ. ಮುಣಗೇಕರ್ ಅತ್ತಿತ್ತ ನೋಡಿ, ಅಂಕುಶರಾವ್ ಅವರ ಮಂಚದ ಕೆಳಗೆ ಹೇಗೂ ಖಾಲಿಯಿದೆಯಲ್ಲ ಎಂದರು.

ಢೋಲಿನ ಹಿಂದೆ ಡಾಬ್ರೆ ಮೆಟ್ಟಿಲು ಹತ್ತಿ ಬಂದರು. ಬಡಕಲು ಮೈ, ಕಣ್ಣಿನ ಸುತ್ತ ಕಪ್ಪು, ಎರಡೂ ಕಿವಿಯಲ್ಲಿ ಹತ್ತಿ. ಅಂಕುಶರಾವ್ ಅವರನ್ನು ಯಾರೂ ತೋರಿಸಬೇಕಾಗಲಿಲ್ಲ. ಅಷ್ಟು ಜನರ ನಡುವೆ ನೇರವಾಗಿ ಅವರ ಬಳಿಗೇ ಬಂದು, ಎರಡೂ ಕೈ ಹಿಡಿದುಕೊಂಡರು.

"ಸೀನಿದ್ದು ನೀವೇ ತಾನೇ? ಆರು ವರ್ಷ ಆಯ್ತು ಭಾವೂ, ನಾನು ಮಧ್ಯಾಹ್ನ ಮಲಗಿ. ನೀವು ಮಾಡಿದ ಪುಣ್ಯ ದೊಡ್ಡದು."

ಆಮೇಲೆ ಒಂದು ಕಿವಿಯ ಹತ್ತಿ ತೆಗೆದು ಅಂಕುಶರಾವ್ ಅವರ ಅಂಗೈಯಲ್ಲಿಟ್ಟು ಮಡಚಿದರು. ಇನ್ನೊಂದು ಕಿವಿಯದನ್ನೂ ತೆಗೆದಿಟ್ಟರು. "ಇಟ್ಕೊಳ್ಳಿ. ನನಗಿನ್ನು ಬೇಡ. ಒಳ್ಳೇ ಹತ್ತಿ." ಅಷ್ಟು ಹೇಳಿ ಎಲ್ಲರಿಗೂ ಕೈಮುಗಿದು, ಹುಡುಗನಂತೆ ಹಗುರವಾಗಿ ಮೆಟ್ಟಿಲ ಕಡೆ ಹೊರಟರು.

ಒಳಗೆ ಮಂದಾರ ಢೋಲಿನ ಹಗ್ಗ ಬಿಗಿಯುತ್ತಿದ್ದ. ಕೇತಕಿ ತಾಶಾ ಕೊರಳಿಗೆ ಹಾಕಿಕೊಳ್ಳುತ್ತಿದ್ದಳು. ಅಂಕುಶರಾವ್ ಮೆಟ್ಟಿಲಿಳಿಯುವ ಆ ಬೆನ್ನನ್ನು ನೋಡಿದರು. ಬದುಕಿನಲ್ಲಿ ಮೊದಲ ಬಾರಿಗೆ ಅವರಿಗೆ ತಾವಾಗಿಯೇ ಸೀನಬೇಕೆನಿಸಿತು. ಒಂದೇ ಒಂದು, ಒಂಟಿ. ಗ್ಯಾಲರಿಯಲ್ಲಿ ಬಿಸಿಲಿಗಿಟ್ಟಿದ್ದ ಮೊರವನ್ನು ಎತ್ತಿ, ಮೂಗನ್ನು ಮೆಣಸಿನಕಾಯಿಯೊಳಗೆ ಊರಿ ಉಸಿರೆಳೆದರು. ಒಂದು. ಎರಡು. ಮೂರು.

ಡಾಬ್ರೆ ಅಂಗಳ ದಾಟಿದರು. ಟೆಂಪೋ ಹತ್ತಿದರು. ಕಿಟಕಿಯಿಂದ ಕೈ ಬೀಸಿದರು. ಅಂಕುಶರಾವ್ ಮೊರದಿಂದ ಮುಖ ಎತ್ತಿ, ಕೆಂಪಗಾದ ಮೂಗನ್ನು ಮುಟ್ಟಿ ನೋಡಿಕೊಂಡರು. ಸೀನು ಬರಲಿಲ್ಲ.